ತುಂಬಿದ ತಿಂಗಳು, ಅರ್ಧ ತಟ್ಟೆ

ಆ ಭಟ್ಟಿ ತಂದೆಯಿಂದ ಮಗನಿಗೆ ಬಂದದ್ದಲ್ಲ, ಅತ್ತೆಯಿಂದ ಸೊಸೆಗೆ ಬಂದದ್ದು. ಮೊದಲನೆಯವಳು ಕಲ್ಲಜ್ಜಿ. ಹೊಳೆದಂಡೆಯಿಂದ ಒಂದೊಂದೇ ಕಲ್ಲನ್ನು ತಲೆಯ ಮೇಲೆ ಹೊತ್ತು ತಂದು, ಗಂಡನಾದವನು "ಇದು ಹೆಂಗಸರ ಕೈಲಿ ಆಗೋ ಕೆಲಸವಾ" ಎಂದು ಗೊಣಗುತ್ತ ಕೂತಿರುವಾಗಲೇ, ಒಬ್ಬ ಆಳು ಒಳಹೊಕ್ಕು ಕೂರುವಷ್ಟು ದೊಡ್ಡ ಬ್ರೆಡ್ ಭಟ್ಟಿಯನ್ನು ಕಟ್ಟಿ ನಿಲ್ಲಿಸಿದವಳು. ಬೀದಿಗೆ ಮೊದಲ ಬ್ರೆಡ್ ತಿನ್ನಿಸಿದವಳೂ ಅವಳೇ. ನಾಲ್ಕನೆಯ ಹೆರಿಗೆಯಲ್ಲಿ ಮೂರು ದಿನ ನೋವು ತಿಂದು, ಕುಂಬಳಕಾಯಿಯಂಥ ಗಂಡುಮಗುವನ್ನು ಹೆತ್ತು, ಅದರ ಮುಖ ನೋಡುವ ಮೊದಲೇ ಕಣ್ಣು ಮುಚ್ಚಿದಳು.

ಆ ಕುಂಬಳಕಾಯಿಯೇ ಬೆಳೆದು ಎರಡನೆಯವಳಿಗೆ ಗಂಡನಾದ. ಎರಡನೆಯವಳು ನೆರೆಯಜ್ಜಿ, ಕಾಣದ ಅತ್ತೆಯ ಆರಿದ ಭಟ್ಟಿಗೆ ಮತ್ತೆ ಬೆಂಕಿ ಹಾಕಿದವಳು. ಹೊಳೆ ಉಕ್ಕಿ ಬೀದಿ ಮುಳುಗಿದ ವರ್ಷ, ಎತ್ತರದಲ್ಲಿದ್ದ ಭಟ್ಟಿಮನೆಗೂ ನುಗ್ಗಿದ ಮೊಣಕಾಲುದ್ದ ನೀರಿನಲ್ಲಿ ನಿಂತು ನಾಲ್ಕು ದಿನ ಭಟ್ಟಿಯ ಬೆಂಕಿ ಆರದಂತೆ ಕಾಯ್ದಳು. ಮನೆಗಳ ಮಾಡಿನ ಮೇಲೆ ಕೂತಿದ್ದವರಿಗೆಲ್ಲ ಬ್ರೆಡ್ ಎಸೆದು ಬದುಕಿಸಿದಳು. ಅಂಥ ಹೊತ್ತಿನಲ್ಲೂ ಒಂದು ಬ್ರೆಡ್ಡಿನ ತೂಕ ಇಳಿಸಲಿಲ್ಲ ಎಂದು ಮುದುಕರು ಈಗಲೂ ಹೇಳುತ್ತಾರೆ. ಇಷ್ಟು ದೊಡ್ಡ ಎದೆಯ ಹೆಂಗಸಿಗೂ ಒಂದು ಅಳುಕಿತ್ತು. ಆನೆಯಂಥ ಗಂಡ ದಿನಕ್ಕೊಮ್ಮೆಯಾದರೂ "ನಾನು ದಪ್ಪಗೆ ಹುಟ್ಟಿ ನನ್ನ ತಾಯೀನ ತಿಂದೆ" ಎಂದು ಹಲುಬುತ್ತಿದ್ದ. ಕೇಳಿ ಕೇಳಿ ಅವಳು ಆ ಮನೆಗೊಂದು ಕಟ್ಟಳೆ ಮಾಡಿಟ್ಟಳು: ಬಸಿರು ನಿಂತಿತೆಂದು ಗೊತ್ತಾದ ದಿನದಿಂದ ಹೆತ್ತು ಏಳುವ ತನಕ ಅರ್ಧ ತಟ್ಟೆ ಊಟ. ಹೊಟ್ಟೆ ಚುರುಗುಟ್ಟಿದರೆ ದವಡೆಗೆ ಒಂದು ಚಿಟಿಕೆ ಹೊಗೆಸೊಪ್ಪು. ಮಗು ಹಗುರವಾಗಿರಲಿ, ತಾಯಿ ಉಳಿಯಲಿ. ಅವಳು ಏಳು ಹೆತ್ತು ಏಳು ಸಲವೂ ಎದ್ದು ನಿಂತಳು. ಏಳರಲ್ಲಿ ನಾಲ್ಕು ಮಣ್ಣು ಸೇರಿದವು. ಆ ಕಾಲದಲ್ಲಿ ಅದನ್ನು ಯಾರೂ ಕಟ್ಟಳೆಯ ತಲೆಗೆ ಕಟ್ಟಲಿಲ್ಲ, ಹಣೆಬರಹದ ತಲೆಗೆ ಕಟ್ಟಿದರು.

ಮೂರನೆಯವಳೇ ನಮ್ಮ ತಕ್ಕಡಿಯಮ್ಮ.

ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗಿರಬೇಕು. ನಾದಿದ ಹಿಟ್ಟಿನ ರಾಶಿಯೊಳಗೆ ಕೈ ಹಾಕಿ ಉಂಡೆ ಕಿತ್ತರೆ ನಾನೂರೈವತ್ತು ಗ್ರಾಂ, ಹೆಚ್ಚಿಲ್ಲ ಕಡಿಮೆಯಿಲ್ಲ. ಬೆಂದು ಹೊರಗೆ ಬಂದರೆ ಬ್ರೆಡ್ಡು ನಾನೂರು. ತೂಕದ ಇಲಾಖೆಯವನೊಬ್ಬ ಸುಳಿವು ಕೊಡದೆ ಬಂದು, ಇಪ್ಪತ್ತು ಬ್ರೆಡ್ಡು ತೂಗಿ, ಹಣೆ ಒರೆಸಿಕೊಂಡು, "ಅಮ್ಮಾ, ನಮ್ಮ ಇಲಾಖೆ ಮುದ್ರೆ ನಿಮ್ಮ ತಕ್ಕಡಿಗಲ್ಲ, ನಿಮ್ಮ ಕೈಗೇ ಒತ್ತಬೇಕು" ಎಂದಿದ್ದ. ಅಂದಿನಿಂದ ಹೆಸರು ಹಾಗೇ ಅಂಟಿಕೊಂಡಿತು. ಅವಳೂ ಅರ್ಧ ತಟ್ಟೆ ಉಂಡೇ ನಾಲ್ಕು ಹೆತ್ತವಳು. ಉಳಿದದ್ದು ಎರಡು: ದೂರದೂರಿಗೆ ಕೊಟ್ಟ ಒಬ್ಬ ಮಗಳು, ಸೈಕಲ್ಲಿನ ಮೇಲೆ ಬ್ರೆಡ್ಡು ಮಾರುವ ಒಬ್ಬ ಮಗ. "ಬೆಳಗ್ಗೆ ಹೆತ್ತೆ, ಮಾರನೇ ದಿನ ಭಟ್ಟಿ ಮುಂದೆ ನಿಂತೆ" ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಉಳಿಯದ ಎರಡರ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಮಗನಿಗೆ ಹೆಣ್ಣು ತಂದರು. ಉದ್ದನೆಯ ಹುಡುಗಿ, ನಕ್ಕರೆ ಬೀದಿಯ ಆ ತುದಿಗೆ ಕೇಳಬೇಕು. ಬಂದ ವಾರದಲ್ಲೇ ಬಿಸಿ ಬ್ರೆಡ್ಡಿನ ತುದಿಯನ್ನು ಕಿತ್ತು ಕಿತ್ತು ತಿಂದು ಎದುರು ಅಂಗಡಿಯ ದರ್ಜಿ ಮುದುಕನ ಕಣ್ಣಿಗೆ ಬಿದ್ದಳು.

"ಏನಮ್ಮಾ, ಮಾರೋಕೆ ಏನಾದ್ರೂ ಉಳಿಸ್ತೀಯಾ?" ಎಂದ ಆತ.

"ತಾತ, ಮಗಳನ್ನ ಬ್ರೆಡ್ ಮಾಡೋರ ಮನೆಗೆ ಕೊಡ್ತಿದೀವಿ, ಇನ್ನು ಹಸಿವಿನ ಚಿಂತೆ ಇಲ್ಲ ಅಂತ ನಮ್ಮಮ್ಮ ಖುಷಿಯಾಗಿ ಕಳಿಸಿದಾರೆ. ಅವರ ಮಾತು ಸುಳ್ಳು ಮಾಡ್ಲಾ?"

ಅವಳ ಅಮ್ಮನಿಗೆ ಅರ್ಧ ತಟ್ಟೆಯ ಕಟ್ಟಳೆ ಗೊತ್ತಿರಲಿಲ್ಲ.

ಮೊದಲ ಬಸಿರಿನಲ್ಲಿ ಸೊಸೆ ಎರಡು ದಿನ ಅತ್ತಳು, ಮೂರನೆಯ ದಿನ ಒಗ್ಗಿಕೊಂಡಳು. ಹಸಿವಾದಾಗ ಅತ್ತೆಯೇ ತನ್ನ ಸೊಂಟದ ಡಬ್ಬಿ ಬಿಚ್ಚಿ ಹೊಗೆಸೊಪ್ಪಿನ ಚಿಟಿಕೆ ಕೊಟ್ಟಳು. ತಲೆ ತಿರುಗಿತು, ವಾಂತಿಯಾಯಿತು, ಆಮೇಲೆ ಅದೂ ಒಗ್ಗಿತು. ದಿನ ತುಂಬುವ ತನಕ ಭಟ್ಟಿಯ ಬಾಯಿಯ ಮುಂದೆ ನಿಂತು, ಆಳುದ್ದದ ಮರದ ಸಲಿಕೆಯಲ್ಲಿ ಬ್ರೆಡ್ಡಿನ ಅಚ್ಚುಗಳನ್ನು ಒಳಗೆ ತಳ್ಳಿದಳು, ಹೊರಗೆ ಎಳೆದಳು. ಹಸಿ ಕಟ್ಟಿಗೆ ಹಾಕಿದ ದಿನ ಹೊಗೆಯೆಲ್ಲ ಅವಳ ಮುಖಕ್ಕೇ. ಹೆಣ್ಣುಮಗು ಹುಟ್ಟಿತು, ಎರಡು ಕಿಲೋ. ತಕ್ಕಡಿಯಮ್ಮ ಎತ್ತಿಕೊಂಡು, "ಸರಿಯಾಗಿ ಐದು ಬ್ರೆಡ್ಡು! ನಮ್ಮ ಮನೆ ಅಳತೆ" ಎಂದು ಹಿಗ್ಗಿದಳು. ಮಗು ಬದುಕಿತು. ಆದರೆ ಗಾಳಿ ಸ್ವಲ್ಪ ತಣ್ಣಗೆ ಬೀಸಿದರೂ ಅದರ ಎದೆ ಗೊರಗೊರ ಎನ್ನುತ್ತಿತ್ತು. ಆರೋಗ್ಯ ಕೇಂದ್ರದ ಬೆಂಚು ಆ ಕೂಸಿಗೆ ತೊಟ್ಟಿಲಿನಷ್ಟೇ ರೂಢಿಯಾಯಿತು.

ಅದಕ್ಕೆ ಹಲ್ಲು ಮೂಡುವ ಹೊತ್ತಿಗೆ ಸೊಸೆ ಮತ್ತೆ ಬಸುರಿ. ಮೈಯಲ್ಲಿ ಇದ್ದ ರಕ್ತ ಹಾಲಾಗಿ ಹೋಗಿತ್ತು, ಕಣ್ಣಿನ ಕೆಳಗಿನ ತೊಗಲು ಹಿಟ್ಟಿನ ಹಾಗೆ ಬಿಳಿಚಿತ್ತು. ಅದೇ ಅರ್ಧ ತಟ್ಟೆ, ಅದೇ ಡಬ್ಬಿ, ಅದೇ ಸಲಿಕೆ. ಈ ಸಲ ಗಂಡುಮಗು. ತಕ್ಕಡಿಯಮ್ಮನ ಕೈಗೆ ಅದನ್ನು ಕೊಟ್ಟಾಗ ಅವಳು ಹಿಗ್ಗಲಿಲ್ಲ, ಮೆಲ್ಲಗೆ ತಾಯಿಯ ಪಕ್ಕ ಮಲಗಿಸಿದಳು. ನಾಲ್ಕು ಬ್ರೆಡ್ಡು, ಒಂದು ಬನ್ನು. ಒಂದು ಕಿಲೋ ಏಳುನೂರು. ಹನ್ನೊಂದು ದಿನ ಇದ್ದು ಹೋಯಿತು.

"ಅವಸರದ ಮಗು, ತಿಂಗಳು ತುಂಬೋ ಮೊದಲೇ ಬಂದುಬಿಡ್ತು" ಎಂದು ತಕ್ಕಡಿಯಮ್ಮ ಬೀದಿಗೆಲ್ಲ ಹೇಳಿದಳು. ಸೊಸೆ ಒಂದು ಸಲ, "ಇಲ್ಲ ಅತ್ತೆ, ನನ್ನ ಲೆಕ್ಕದಲ್ಲಿ ತುಂಬಿತ್ತು" ಎಂದಳು. "ನಿನಗೇನು ಗೊತ್ತು, ಸುಮ್ನಿರು" ಎಂದಳು ಅತ್ತೆ. ಹಾಗೆ ಹೇಳಿ ಹೇಳಿ ತಾನೂ ನಂಬಿಬಿಟ್ಟಳು. ಬೀದಿಯ ತುದಿಗೆ ಕೇಳುತ್ತಿದ್ದ ನಗು ಮನೆಯ ಹೊಸ್ತಿಲು ದಾಟುವುದನ್ನು ಬಿಟ್ಟಿತು.

ಒಂದೂವರೆ ವರ್ಷದ ಮೇಲೆ ಮೂರನೆಯ ಬಸಿರು ನಿಂತಿತು.

ಐದನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಎಂದಿನಂತೆ ಬ್ರೆಡ್ಡು ಕೊಳ್ಳಲು ಬಂದಳು. ಹೆಗಲಿಗೆ ಜೋಳಿಗೆ, ಕಾಲಿಗೆ ಸವೆದ ಚಪ್ಪಲಿ, ನಡುವಯಸ್ಸಿನ ಗಟ್ಟಿ ಹೆಂಗಸು. ಬ್ರೆಡ್ಡು ತೆಗೆದುಕೊಂಡು ಹೋಗುವ ಬದಲು ಭಟ್ಟಿಯ ಮುಂದಿದ್ದ ಸೊಸೆಯ ಗಲ್ಲ ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಆಮೇಲೆ ದವಡೆಯ ಉಬ್ಬನ್ನು ನೋಡಿದಳು.

"ಬಾಯಲ್ಲಿ ಏನಮ್ಮ ಅದು?"

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಮುಂದೆ ಬಂದಳು.

"ಹೊಗೆಸೊಪ್ಪು. ನಾನೇ ಕೊಟ್ಟಿದ್ದು. ಏನೀಗ?"

"ಅಮ್ಮಾ, ಅದು ಇವಳ ಬಾಯಲ್ಲೇ ನಿಲ್ಲಲ್ಲ. ರಕ್ತಕ್ಕೆ ಇಳಿಯುತ್ತೆ. ಕೂಸಿಗೆ ರಕ್ತ ಹೋಗೋ ದಾರೀನೇ ಬಿಗಿಯುತ್ತೆ. ಊಟ ಎಷ್ಟು ಮಾಡ್ತಾಳೆ?"

"ನಮ್ಮ ಮನೇಲಿ ಎಷ್ಟು ಮಾಡ್ಬೇಕೋ ಅಷ್ಟು. ನಾಲ್ಕು ಹೆತ್ತಿದೀನಿ, ನನಗೇ ಪಾಠ ಹೇಳ್ತೀರಾ? ಹೋದ ಸಲ ಮಗು ಹೋಗಿದ್ದು ಅವಸರದಲ್ಲಿ ಹುಟ್ಟಿದ್ದಕ್ಕೆ, ಊಟಕ್ಕಲ್ಲ."

ನರ್ಸಮ್ಮ ಜೋಳಿಗೆಯಿಂದ ಸೊಸೆಯ ಹೋದ ಬಸಿರಿನ ಕಾರ್ಡು ತೆಗೆದಳು. ಬೆರಳಿಟ್ಟು ತೋರಿಸಿದಳು.

"ಇಲ್ಲಿ ನೋಡಿ. ನಾವು ಹೇಳಿದ್ದ ದಿನಕ್ಕಿಂತ ಎರಡೇ ದಿನ ಮೊದಲು ಹುಟ್ಟಿದ್ದು. ಅವಸರದ ಮಗು ಅಲ್ಲ ಅದು. ತಿಂಗಳು ತುಂಬಿತ್ತಮ್ಮ. ಮಗು ತುಂಬಿರ್ಲಿಲ್ಲ."

ಒಲೆಯ ಕೆಂಡ ತಲೆಯ ಮೇಲೆ ಸುರಿದಂತಾಯಿತು ತಕ್ಕಡಿಯಮ್ಮನಿಗೆ. "ಬ್ರೆಡ್ ತಗೊಂಡ್ರಲ್ಲ, ದಾರಿ ನೋಡ್ಕೊಳ್ಳಿ" ಎಂದಳು. ನರ್ಸಮ್ಮ ಹೋದಳು. ಎದುರು ಅಂಗಡಿಯ ದರ್ಜಿ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಂಡ.

ಅದೇ ಮಧ್ಯಾಹ್ನ ಎರಡನೆಯ ಸುತ್ತಿನ ಬ್ರೆಡ್ಡು ಹೊರಗೆ ಬಂತು. ನಲವತ್ತು. ಬಣ್ಣ ಚಿನ್ನದಂತಿತ್ತು. ತಕ್ಕಡಿಯಮ್ಮ ಒಂದನ್ನು ಕೈಗೆತ್ತಿಕೊಂಡವಳು ಅಲ್ಲೇ ನಿಂತಳು. ಇನ್ನೊಂದು ಎತ್ತಿದಳು. ಮತ್ತೊಂದು. ಎಲ್ಲವೂ ಹಗುರ. ಆ ದಿನ ಅವಳು ಹಿಟ್ಟಿನ ಮೂಟೆ ಇಳಿಸಿಕೊಳ್ಳಲು ಹೋಗಿದ್ದಾಗ ಉಂಡೆ ಕಿತ್ತವಳು ಸೊಸೆ. ಹಸಿದ ಕೈ ನಡುಗಿತ್ತು, ಅಳತೆ ತಪ್ಪಿತ್ತು. ನೆರೆಯಲ್ಲೂ ತೂಕ ಇಳಿಸದ ಮನೆಯಲ್ಲಿ ಕಡಿಮೆ ತೂಕದ ನಲವತ್ತು ಬ್ರೆಡ್ಡು! ಅವಳ ಸಿಟ್ಟು ನೆತ್ತಿಗೇರಿತು.

"ಭಟ್ಟಿಲಿ ಎಷ್ಟು ಹೊತ್ತು ಇಟ್ಟಿದ್ದೆ?"

"ಪೂರ್ತಿ ಹೊತ್ತು ಅತ್ತೆ. ಒಂದು ನಿಮಿಷಾನೂ ಮುಂಚೆ ತೆಗೆದಿಲ್ಲ."

"ಪೂರ್ತಿ ಹೊತ್ತು ಇಟ್ಟರೆ ಆಯ್ತಾ? ಒಳಗೆ ಹಾಕೋವಾಗಲೇ ಕಮ್ಮಿ ಹಾಕಿದ್ರೆ ಭಟ್ಟಿ ಎಲ್ಲಿಂದ ತಂದು ತುಂಬಿಸುತ್ತೆ? ಎಷ್ಟು ಬೇಯಿಸಿದ್ರೂ..."

ಮಾತು ಅಲ್ಲೇ ನಿಂತಿತು. ಕೈಯಲ್ಲಿ ಬ್ರೆಡ್ಡು, ಎದುರಿಗೆ ಹೊಟ್ಟೆ ಹೊತ್ತು ತಲೆ ತಗ್ಗಿಸಿ ನಿಂತ ಹುಡುಗಿ. ತಕ್ಕಡಿಯಮ್ಮ ಬ್ರೆಡ್ಡನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಯಾರೋ ಕಪಾಳಕ್ಕೆ ಬಾರಿಸಿದಂತೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ಸೊಸೆ ಹೆದರಿ ನೀರು ತಂದುಕೊಟ್ಟಳು. ಅತ್ತೆ ನೀರು ಕುಡಿಯಲಿಲ್ಲ. "ನೀನು ಇವತ್ತು ಏನು ತಿಂದಿದೀಯ?" ಎಂದಳು.

"ಬೆಳಗ್ಗೆ ಒಂದು ತುಂಡು ಬ್ರೆಡ್ಡು, ಟೀ."

"ಆಮೇಲೆ?"

"ಆಮೇಲೆ ನೀವು ಕೊಟ್ಟ ಚಿಟಿಕೆ."

ಹಗುರ ಬ್ರೆಡ್ಡನ್ನು ತಕ್ಕಡಿಯಮ್ಮ ಮಾರಲು ಬಿಡಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಹಂಚಿಸಿದಳು. ಮಾರನೆಯ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಕಂಕುಳಲ್ಲಿ ಎರಡು ಬಿಸಿ ಬ್ರೆಡ್ಡು ಇಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ತಾನು ಬೈದು ಅಟ್ಟಿದವಳ ಬಾಗಿಲಿಗೆ ತಾನೇ ಹೋಗುವುದು ಬಿಸಿ ತುಪ್ಪ ನುಂಗಿದ ಹಾಗೆ. ಆದರೂ ಹೋದಳು. ಒಳಗೆ ಸುಣ್ಣದ ಗೋಡೆ, ಕಾಲು ಮುರಿದು ಇಟ್ಟಿಗೆ ಕೊಟ್ಟ ಬೆಂಚು, ಮೂಲೆಯಲ್ಲಿ ಕೂಸುಗಳನ್ನು ತೂಗುವ ತಟ್ಟೆಯ ತಕ್ಕಡಿ. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, "ಲಂಚ ಅಲ್ಲ. ಬೈದಿದ್ದೆ, ಅದಕ್ಕೆ" ಎಂದಳು.

ನರ್ಸಮ್ಮ ನಕ್ಕಳು. "ಕೂತ್ಕೊಳ್ಳಿ."

ತಕ್ಕಡಿಯಮ್ಮ ಕೂರಲಿಲ್ಲ. ಕಲ್ಲಜ್ಜಿಯ ಕಥೆ ಹೇಳಿದಳು, ಕುಂಬಳಕಾಯಿಯ ಕಥೆ ಹೇಳಿದಳು. "ನನ್ನ ಸೊಸೆ ಹೊಟ್ಟೆ ತುಂಬ ಉಂಡು, ಮಗು ದಪ್ಪ ಆಗಿ, ಅವಳೇ ಹೋಗ್ಬಿಟ್ರೆ? ಇದಕ್ಕೆ ಉತ್ತರ ಹೇಳಿ ನೀವು."

"ಅಮ್ಮಾ, ಅವರು ಮಗು ದೊಡ್ಡದು ಅಂತ ಹೋದ್ರೋ, ಮೂರು ದಿನ ನೋವು ತಿಂದ್ರೂ ಕೈ ಹಾಕಿ ನೋಡೋರು ಯಾರೂ ಇರ್ಲಿಲ್ಲ ಅಂತ ಹೋದ್ರೋ? ಈಗ ನಾವಿದೀವಿ. ಅಡ್ಡಿ ಆದ್ರೆ ದೊಡ್ಡಾಸ್ಪತ್ರೆ ಇದೆ, ಗಾಡಿ ಇದೆ. ತಾಯಿ ಅರ್ಧ ಹೊಟ್ಟೆ ಉಂಡ್ರೆ ಹೆರಿಗೆ ಸುಲಭ ಆಗಲ್ಲ. ತಾಯಿಗೆ ಮಗೂನ ಹೊರಗೆ ತಳ್ಳೋ ಶಕ್ತಿ ಇರಲ್ಲ, ಮಗೂಗೆ ಹುಟ್ಟಿದ ಮೇಲೆ ಬದುಕೋ ಶಕ್ತಿ ಇರಲ್ಲ. ಮೈಯಲ್ಲಿ ಮಾಂಸ ಇಲ್ದಿರೋ ಕೂಸು ಬೆಚ್ಚಗೂ ಇರಲ್ಲ, ಕೆಮ್ಮು ಬಂದ್ರೆ ತಡ್ಕೊಳ್ಳಲ್ಲ. ನಿಮ್ಮ ಮೊಮ್ಮಗಳ ಎದೆ ಸದ್ದು ನಾನು ಎಷ್ಟು ಸಲ ಕೇಳಿಲ್ಲ?"

ಆಗ ತಕ್ಕಡಿಯಮ್ಮ ಕೂತಳು.

ನರ್ಸಮ್ಮ ಒಂದೊಂದಾಗಿ ಹೇಳುತ್ತ ಹೋದಳು. ಭಟ್ಟಿಯ ಹೊಗೆ, ದಿನವಿಡೀ ನಿಲ್ಲುವುದು, ಮೂಟೆ ಎತ್ತುವುದು. ಒಂದು ಕೂಸು ಹಾಲು ಬಿಡುವ ಮೊದಲೇ ಇನ್ನೊಂದು ಹೊಟ್ಟೆಗೆ ಬಂದು ಮೈ ಬರಿದಾಗಿದ್ದು. ರಕ್ತದಲ್ಲಿ ಕಬ್ಬಿಣವೇ ಇಲ್ಲದ್ದು. ಮನೆಯೊಳಗೆ ಗಂಡ ಸೇದುವ ಬೀಡಿ. ಕೇಳುತ್ತ ಕೇಳುತ್ತ ಮುದುಕಿಗೆ ತನ್ನ ಉಳಿಯದ ಎರಡು ಕೂಸುಗಳ ಮುಖ ಕಣ್ಣಿಗೆ ಬಂತು. ಮೂವತ್ತು ವರ್ಷದಿಂದ ಮುಚ್ಚಿಟ್ಟ ಮುಖಗಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಐದು ತಿಂಗಳು ಆಗಿಹೋಯ್ತಲ್ಲ. ಈಗ ಶುರು ಮಾಡಿದ್ರೆ ಉಪಯೋಗ ಉಂಟಾ?"

"ಉಂಟು. ಕಡೇ ತಿಂಗಳುಗಳಲ್ಲೇ ಮಗು ತೂಕ ಏರೋದು. ಹೋದದ್ದನ್ನೆಲ್ಲ ತರೋಕಾಗುತ್ತೆ ಅಂತ ನಾನು ಮಾತು ಕೊಡಲ್ಲ. ಆದಷ್ಟು ಮಾಡೋಣ."

ಮನೆಗೆ ಬಂದವಳೇ ಸೊಂಟದ ಡಬ್ಬಿ ಬಿಚ್ಚಿ ಭಟ್ಟಿಯೊಳಗೆ ಎಸೆದಳು. ಡಬ್ಬಿ ತಗಡಿನದು, ಪಟಪಟ ಸದ್ದು ಮಾಡಿತು. "ನಿನಗೆ ಬಿಡು ಅಂತ ಹೇಳಿ ನಾನು ಅಗೀತಾ ಕೂರೋಕಾಗುತ್ತಾ?" ಎಂದು ಸೊಸೆಗೆ ಹೇಳಿದಳು. ಮಾತು ಸುಲಭ. ಮೂವತ್ತೈದು ವರ್ಷದ ಚಟ ಹೆಗಲ ಮೇಲಿನ ವಲ್ಲಿಯಲ್ಲ, ಕೊಡವಿದರೆ ಬೀಳಲು. ಮೂರು ವಾರ ಅತ್ತೆಗೆ ತಲೆ ಸಿಡಿಯಿತು, ಕೈ ನಡುಗಿತು, ಕಂಡಕಂಡವರ ಮೇಲೆ ಹರಿಹಾಯ್ದಳು. ದರ್ಜಿ ಮುದುಕ ಒಂದು ಬನ್ನು ಕೇಳಿದ್ದಕ್ಕೆ, "ನಿನ್ನೆ ತಾನೇ ತಿಂದಿದ್ಯಲ್ಲ!" ಎಂದು ಗದರಿಬಿಟ್ಟಳು.

"ಹೊಗೆಸೊಪ್ಪು ಬಿಟ್ಟಿದ್ದು ನೀನು, ಉಪವಾಸ ನನಗಾ?" ಎಂದ ಆತ.

ಅತ್ತೆ ಸೊಸೆ ಇಬ್ಬರೂ ನಕ್ಕರು. ಸೊಸೆ ನಕ್ಕಿದ್ದು ಎಷ್ಟೋ ತಿಂಗಳ ಮೇಲೆ.

ಮನೆಯ ಕ್ರಮ ತಲೆಕೆಳಗಾಯಿತು. ಮೊದಲು ಗಂಡಸು, ಆಮೇಲೆ ಅತ್ತೆ, ಉಳಿದರೆ ಬಸುರಿ ಎಂದಿದ್ದದ್ದು ಈಗ ಮೊದಲು ಬಸುರಿ ಎಂದಾಯಿತು. ಅನ್ನ, ಬೇಳೆ, ಸೊಪ್ಪು, ಒಂದು ಮೊಟ್ಟೆ, ಮಲಗುವ ಮುಂಚೆ ಹಾಲು. ಸೊಸೆಯ ಹೊಟ್ಟೆ ಚಿಕ್ಕದಾಗಿಬಿಟ್ಟಿತ್ತು. "ಅತ್ತೆ, ಒಳಗೆ ಹೋಗಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. "ಒಂದೇ ಸಲಕ್ಕೆ ಯಾರು ತಿನ್ನು ಅಂದ್ರು? ಕಾಲು ತಟ್ಟೆ ಈಗ, ಕಾಲು ತಟ್ಟೆ ಆಮೇಲೆ. ಭಟ್ಟೀಗೂ ಕಟ್ಟಿಗೆ ಒಂದೊಂದಾಗೇ ಹಾಕೋದು." ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಸೊಸೆ ಅವನ್ನು ಒಂದು ಹಳೆಯ ಬ್ರೆಡ್ ಅಚ್ಚಿನ ಕೆಳಗೆ ಬಚ್ಚಿಡುತ್ತಿದ್ದಳು. ಅತ್ತೆ ಅಚ್ಚು ತೊಳೆಯಲು ತೆಗೆದಾಗ ಒಂಬತ್ತು ಮಾತ್ರೆ ಉರುಳಿಬಿದ್ದವು.

"ಇದೇನೇ, ಅಚ್ಚಿಗೆ ರಕ್ತ ಕಮ್ಮಿ ಆಗಿದ್ಯಾ?"

"ಅತ್ತೆ, ನಾಲಿಗೆಯೆಲ್ಲ ತುಕ್ಕು ತುಕ್ಕು ಅನ್ಸುತ್ತೆ."

"ನನ್ನ ಮುಂದೆ ನುಂಗು. ಊಟ ಆದ್ಮೇಲೆ ನುಂಗಿದ್ರೆ ತೊಳಸಲ್ಲವಂತೆ, ನರ್ಸಮ್ಮನ್ನ ಕೇಳ್ಕೊಂಡು ಬಂದಿದೀನಿ."

ಸೊಸೆಯನ್ನು ಭಟ್ಟಿಯಿಂದ ಬಿಡಿಸಿ ಬೀದಿ ಬದಿಯ ಕಟ್ಟೆಯ ಹಿಂದೆ ಸ್ಟೂಲು ಹಾಕಿ ಕೂರಿಸಿದಳು. ಅಲ್ಲಿ ಗಾಳಿಯಿತ್ತು, ಗಿರಾಕಿಗಳ ಹರಟೆಯಿತ್ತು. ಮಗನ ಬೀಡಿ ಬೀದಿಯ ಕೊನೆಗೆ ಹೋಯಿತು. "ನನ್ನ ಮನೇಲಿ ನಾನು ಸೇದಬಾರ್ದಾ?" ಎಂದ ಅವನು.

"ನಿನ್ನ ಮನೆ ಅಂತ ಯಾರಪ್ಪ ಹೇಳಿದ್ರು? ಇದು ಈ ಮನೆ ಸೊಸೆಯಂದಿರ ಮನೆ. ನೀನು ಇಲ್ಲಿ ಹುಟ್ಟಿದೀಯ ಅಷ್ಟೇ."

ಸಲಿಕೆ, ಮೂಟೆ, ಕಟ್ಟಿಗೆ ಎಲ್ಲವೂ ತಕ್ಕಡಿಯಮ್ಮನ ಹೆಗಲಿಗೆ ಬಂದವು. ಅರವತ್ತರ ಹತ್ತಿರದ ಮೊಣಕಾಲು ಸಂಜೆಗೆ ಊದಿಕೊಳ್ಳುತ್ತಿತ್ತು. ಯಾರಾದರೂ ಕೇಳಿದರೆ, "ಕಾಲು ದಪ್ಪ ಆಗ್ತಿದೆ, ಒಳ್ಳೆ ಊಟ" ಎನ್ನುತ್ತಿದ್ದಳು.

ಎಂಟನೆಯ ತಿಂಗಳಿಗೆ ಸೊಸೆಯ ಹೊಟ್ಟೆ ಆ ಮನೆಯಲ್ಲಿ ಯಾರೂ ಕಾಣದಷ್ಟು ಮುಂದೆ ಬಂತು. ನೋಡಿದವರೆಲ್ಲ "ಆಹಾ" ಎಂದರು. ಮುದುಕಿಯ ಎದೆಯಲ್ಲಿ ಮಾತ್ರ ಹಳೆಯ ಹುಳು ಎದ್ದಿತು. ಈ ಮನೆಯಲ್ಲಿ ಹೊಟ್ಟೆ ಹೀಗೆ ಬೆಳೆದವಳು ಕಲ್ಲಜ್ಜಿ ಒಬ್ಬಳೇ, ಅವಳು ಏಳಲಿಲ್ಲ. ತಾನು ತುಂಬಿಸಿ ತುಂಬಿಸಿ ಈ ಹುಡುಗಿಯನ್ನು ಅದೇ ದಾರಿಗೆ ತಳ್ಳುತ್ತಿದ್ದೇನೆಯೇ? ಒಂದು ಮಧ್ಯಾಹ್ನ ತಟ್ಟೆ ಬಡಿಸಿ ಸೊಸೆಯ ಮುಂದಿಟ್ಟವಳು, ಕೈ ತನ್ನಷ್ಟಕ್ಕೆ ಹೋದಂತೆ, ಅರ್ಧ ಅನ್ನವನ್ನು ಮತ್ತೆ ಪಾತ್ರೆಗೆ ಹಾಕಿಬಿಟ್ಟಳು.

ಸೊಸೆ ತಟ್ಟೆ ನೋಡಿದಳು. "ಯಾಕೆ ಅತ್ತೆ?"

"ಸಾಕು ಕಣೆ ಇವತ್ತಿಗೆ."

"ನನಗೆ ಹೆದರಿಕೆ ಇಲ್ಲ. ನಿಮಗೆ ಯಾಕೆ?"

"ನಾನಲ್ಲ ಹೆದರ್ತಿರೋದು, ಈ ಮನೆ ಗೋಡೆ ಹೆದರ್ತಿದೆ."

ಸೊಸೆ ಅತ್ತೆಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಒದೆತ ಬಿತ್ತು, ಬಾಗಿಲು ತಟ್ಟಿದ ಹಾಗೆ. "ಹೋದ ಸಲದ್ದು ಹೀಗೆ ಒದೀತಾನೇ ಇರ್ಲಿಲ್ಲ ಅತ್ತೆ. ನಾನು ನಿಮಗೆ ಹೇಳ್ಲಿಲ್ಲ. ಹೇಳಿದ್ರೆ ಬೈತೀರಿ ಅಂತ." ತಕ್ಕಡಿಯಮ್ಮ ಪಾತ್ರೆಯ ಅನ್ನವನ್ನು ತಟ್ಟೆಗೆ ಮರಳಿ ಬಡಿಸಿದಳು. ಅನ್ನದ ಮೇಲೆ ಬಿದ್ದ ಕಣ್ಣೀರನ್ನು ಇಬ್ಬರೂ ನೋಡದವರಂತೆ ಇದ್ದರು. ಅಂದೇ ಸಂಜೆ ಸೊಸೆಯನ್ನು ಕರೆದೊಯ್ದು ನರ್ಸಮ್ಮನಿಂದ ಹೊಟ್ಟೆ ಮುಟ್ಟಿಸಿದಳು. ತಲೆ ಕೆಳಗಿದೆ, ಜಾಗ ಸಾಕಷ್ಟಿದೆ, ಹೆದರಬೇಡಿ ಎಂದಳು ನರ್ಸಮ್ಮ.

ದಿನ ತುಂಬಿ ಒಂದು ಬೆಳಗ್ಗೆ ನೋವು ಬಂತು. ಹೊತ್ತು ನೆತ್ತಿಗೆ ಬಂದರೂ ಆಗಲಿಲ್ಲ, ಇಳಿಹೊತ್ತಾದರೂ ಆಗಲಿಲ್ಲ. ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂತ ತಕ್ಕಡಿಯಮ್ಮ ಒಳಗಿನ ಪ್ರತಿ ಕೂಗಿಗೂ ಬೆಂಚಿನ ಅಂಚನ್ನು ಹಿಡಿದು ಹಿಂಡಿದಳು. ಮಗ ಬನ್ನು ತಂದುಕೊಟ್ಟ, ಮುಟ್ಟಲಿಲ್ಲ. ಒಳಗಿಂದ ನರ್ಸಮ್ಮ ಒಮ್ಮೆ ಹೊರಗೆ ಬಂದಾಗ ಅವಳ ಸೆರಗು ಹಿಡಿದು, "ನಾನೇ ತುಂಬಿಸಿ ತುಂಬಿಸಿ ಕೊಂದೆ ಅಂತ ಮಾತ್ರ ಹೇಳ್ಬೇಡಿ ನನ್ನ ತಾಯಿ" ಎಂದಳು.

"ಚೆನ್ನಾಗಿ ತಳ್ತಿದಾಳೆ ಕಣಮ್ಮ. ಮೊದಲೆರಡು ಸಲ ಇಷ್ಟು ಶಕ್ತಿ ಇರ್ಲಿಲ್ಲ ಅವಳಿಗೆ."

ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಕೇಳಿತು. ಅದು ಅಳುವೋ, ಯಾರನ್ನೋ ಬೈಯುವುದೋ ತಿಳಿಯದಂಥ ಗಟ್ಟಿ ದನಿ. ಹೆಣ್ಣುಮಗು. ತಾಯಿ ಸುಸ್ತಾಗಿ, ಬೆವರಿ, ನಗುತ್ತಿದ್ದಳು. ನರ್ಸಮ್ಮ ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಹಾಕಿ, ಬೆಚ್ಚಗಾದ ಮೇಲೆ ಎತ್ತಿ ಮುದುಕಿಯ ಕೈಗೆ ಕೊಟ್ಟಳು. "ಹೇಳಿ ನೋಡೋಣ."

ತಕ್ಕಡಿಯಮ್ಮನ ಕೈ ಸ್ವಲ್ಪ ಕೆಳಗಿಳಿಯಿತು, ಮೇಲೆ ಬಂತು. "ಆರು ಬ್ರೆಡ್ಡು. ಅದರ ಮೇಲೆ ಅರ್ಧ ಬನ್ನು."

ತಕ್ಕಡಿಯ ಮುಳ್ಳು ಎರಡು ಕಿಲೋ ನಾನೂರೈವತ್ತರಲ್ಲಿ ನಿಂತಿತು.

"ಎರಡೂವರೆ ಕಿಲೋ ಇದ್ರೆ ನಮ್ಮ ಪುಸ್ತಕದ ಗೆರೆ ದಾಟುತ್ತೆ" ಎಂದಳು ನರ್ಸಮ್ಮ ಮೆಲ್ಲಗೆ. "ಐವತ್ತು ಗ್ರಾಂ ಕಮ್ಮಿ. ಆದ್ರೂ ಅಣ್ಣನಿಗಿಂತ ಮುಕ್ಕಾಲು ಕಿಲೋ ಜಾಸ್ತಿ ಕಣಮ್ಮ ಇದು. ಚೀಪೋದು ನೋಡಿ."

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಕುಣಿದಾಡುತ್ತಿದ್ದರು. ತಕ್ಕಡಿಯಮ್ಮ ಹಿಗ್ಗಿದಳು, ಹಿಗ್ಗಿದ ಬೆನ್ನಿಗೇ ಸಣ್ಣಗಾದಳು. ಆ ಐವತ್ತು ಗ್ರಾಂ ಎಲ್ಲಿ ಹೋಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲ ಐದು ತಿಂಗಳು ತಟ್ಟೆಯ ಅರ್ಧವನ್ನು ಎತ್ತಿದ್ದು ಈ ಕೈಯೇ, ಡಬ್ಬಿ ಬಿಚ್ಚಿದ್ದೂ ಈ ಕೈಯೇ. ಮಂಚದ ಬದಿಗೆ ಕೂತು ಸೊಸೆಯ ಒದ್ದೆ ಕೂದಲು ಸರಿಸಿ, "ತಪ್ಪು ನಂದು ಕಣೆ. ಆ ಹೋದ ಹುಡುಗಂದೂ ನಂದೇ" ಎಂದಳು. ಆ ಮನೆಯಲ್ಲಿ ಒಬ್ಬ ಅತ್ತೆ ಒಬ್ಬ ಸೊಸೆಗೆ ಹೀಗೆ ಹೇಳಿದ್ದು ಅದೇ ಮೊದಲು. ಸೊಸೆ, ಹಿಟ್ಟು ನಾದಿ ಒರಟಾದ ಅತ್ತೆಯ ಬೆರಳನ್ನು ಹಿಡಿದುಕೊಂಡು ನಿದ್ದೆ ಹೋದಳು.

ಕೂಸನ್ನು ಹಗಲೆಲ್ಲ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಟ್ಟರು. ಮೂರನೆಯ ವಾರಕ್ಕೇ ಅದು ಪುಸ್ತಕದ ಗೆರೆ ದಾಟಿ ಮುಂದೆ ಹೋಯಿತು.

ಎರಡನೆಯ ತಿಂಗಳಲ್ಲಿ ತಕ್ಕಡಿಯಮ್ಮನ ಕೈ ಭಟ್ಟಿಯ ಬಾಯಿಯ ಕಬ್ಬಿಣಕ್ಕೆ ತಗುಲಿ, ಮೊಣಕೈವರೆಗೆ ಬೊಬ್ಬೆ ಎದ್ದಿತು. ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಸಲಿಕೆ ಹಿಡಿದು ಒದ್ದಾಡುತ್ತಿದ್ದಳು. ಎದುರಿನಿಂದ ದರ್ಜಿ, "ಎಡಗೈಲಿ ಬ್ರೆಡ್ ಸುಟ್ರೆ ಎಡವಟ್ಟಾಗೇ ಬರುತ್ತೆ, ಯಾರನ್ನಾದ್ರೂ ಕರ್ಕೊಳ್ಳಮ್ಮ" ಎಂದು ಕೂಗಿದ. ಅದನ್ನು ಕೇಳಿ ಸೊಸೆ ಕೂಸನ್ನು ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗಿನಿಂದ ಬಂದು ಸಲಿಕೆಗೆ ಕೈ ಹಾಕಿದಳು.

"ಕೊಡಿ ಅತ್ತೆ. ನಾನು ಗಟ್ಟಿ ಆಗಿದೀನಿ ಈಗ. ಒಂದೆರಡು ಸುತ್ತು ನಾನು ತೆಗೀತೀನಿ, ನೀವು ಕೂತ್ಕೊಳ್ಳಿ."

ತಕ್ಕಡಿಯಮ್ಮ ಸಲಿಕೆ ಬಿಡಲಿಲ್ಲ.

"ಬೇಡ. ಕೈ ತೆಗಿ ಅಂದೆ. ನನ್ನ ಕೈ ಸುಟ್ಟಿದೆ ಕಣೆ, ಕಳಚಿ ಬಿದ್ದಿಲ್ಲ. ನೀನು ಗಟ್ಟಿ ಆಗಿದೀಯ ಅಂತ ನೀನು ಹೇಳಿದ್ರೆ ಆಗಲ್ಲ, ನಿನ್ನ ಕಣ್ಣಿನ ಕೆಳಗೆ ಇನ್ನೂ ಬಿಳಿ ಇದೆ. ಹಾಲು ಕುಡಿಸೋವಾಗ ಇನ್ನೂ ಜಾಸ್ತಿ ಉಣ್ಣಬೇಕಂತೆ, ನೀನು ಮಧ್ಯಾಹ್ನದ ಮೊಟ್ಟೆ ಹಾಗೇ ಬಿಟ್ಟು ಬಂದಿದೀಯ, ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ಮಗೂಗೆ ಎರಡು ವರ್ಷ ಆಗೋ ತನಕ ಈ ಹೊಗೆ ಹತ್ರ ಬರಬೇಡ, ಇನ್ನೊಂದರ ಯೋಚನೇನೂ ಬೇಡ, ಅದನ್ನ ನಿನ್ನ ಗಂಡನಿಗೂ ನಾನೇ ಹೇಳ್ತೀನಿ. ಬ್ರೆಡ್ಡು ಸೊಟ್ಟ ಬರಲಿ, ದರ್ಜಿ ಆಡ್ಕೊಳ್ಲಿ. ನನಗೆ ನಿನ್ನ ಸಹಾಯ ಬೇಡ. ಹೋಗು ಒಳಗೆ, ಆ ಮೊಟ್ಟೆ ತಿನ್ನು."